ಮ್ಯಾರಥಾನೂ ಮೂರು ಬೆಕ್ಕೂ

"ಓಡಿದರೆ ಓಡಬೇಕು ಸ್ವಾಮಿ! ನಡೆಯೋದಕ್ಕೆ ಮ್ಯಾರಥಾನ್ ಯಾಕೆ? ಹಾಲು ತರೋದಕ್ಕೆ ಹೋದರೂ ನಡೀಬಹುದು!"

ಇದು ನಾನು ನನ್ನ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷೆಗೆ ಬಂದ ಪ್ರತಿಯೊಬ್ಬರ ಎದುರಿಗೂ ಹೊರಡಿಸಿದ ಮಹಾಘೋಷಣೆ. ಗಿರಾಕಿಗಳು ಪಾಪ, ಗದ್ದವನ್ನು ಯಂತ್ರದ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿಕೊಂಡು ಕೂತಿರುತ್ತಾರೆ. ಅಲ್ಲಾಡುವಂತಿಲ್ಲ, ಬಾಯಿ ತೆರೆಯುವಂತಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಜಂಬ ಕೊಚ್ಚುವುದಕ್ಕೆ ಇಂಥ ಸಭೆ ಯಾವ ಭಾಷಣಕಾರನಿಗೂ ಸಿಕ್ಕಿರಲಾರದು. "ಅಲ್ಲಾಡಬೇಡಿ... ಹಾಂ, ಹಾಗೇ ಇರಿ... ಅಂದ ಹಾಗೆ, ಈ ವರ್ಷ ನಾನು ಪೂರ್ತಿ ಮ್ಯಾರಥಾನ್ ಓಡ್ತಾ ಇದ್ದೀನಿ. ನಲವತ್ತೆರಡು ಕಿಲೋಮೀಟರು. ಒಂದು ಹೆಜ್ಜೇನೂ ನಡೆಯಲ್ಲ!" ಎಂದು ಶುರುಮಾಡಿದರೆ, ಎರಡೂ ಕಣ್ಣಿನ ಪವರ್ ಗೊತ್ತಾಗುವ ಹೊತ್ತಿಗೆ ನನ್ನ ಪವರ್ ಏನೆಂಬುದೂ ಅವರಿಗೆ ಗೊತ್ತಾಗಿರುತ್ತಿತ್ತು. ಹೀಗೆ ಒಂದೇ ತಿಂಗಳಲ್ಲಿ ಇಡೀ ಬಡಾವಣೆಗೆ ಸುದ್ದಿ ಹರಡಿತು.

ಮನೆಯಲ್ಲಿ ಮಾತ್ರ ಈ ಘೋಷಣೆಗೆ ಚಪ್ಪಾಳೆ ಬೀಳಲಿಲ್ಲ. ನನ್ನ ಹೆಂಡತಿ ಶಾಲೆಯಲ್ಲಿ ಪಿ.ಟಿ. ಟೀಚರು. ಮನೆಯಲ್ಲಿ ಅವಳು ಸೀಟಿ ಊದುವುದಿಲ್ಲ. ಆ ಅಗತ್ಯವೇ ಬಿದ್ದಿಲ್ಲ.

"ಹೋದ ವರ್ಷ ಏನಾಯ್ತು, ನೆನಪಿದೆಯಾ?" ಎಂದಳು.

ನೆನಪಿಲ್ಲದೆ ಏನು! ಹೋದ ವರ್ಷ ಇದರ ಅರ್ಧದಷ್ಟು ದೂರದ ಓಟಕ್ಕೆ ಹೋಗಿದ್ದೆ. ಶುರುವಾದದ್ದೇ ತಡ, ಸಾಲ ಕೊಟ್ಟವರು ಅಟ್ಟಿಸಿಕೊಂಡು ಬಂದಂತೆ ಓಡಿದೆ. ಮುಕ್ಕಾಲು ದಾರಿಗೆ ಬರುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು, ಗುರುತು ಪರಿಚಯವಿಲ್ಲದವರ ಮನೆಯ ಗೇಟನ್ನು ತಬ್ಬಿಕೊಂಡು ನಿಂತೆ. ಆ ಗೇಟಿಗೂ ನನಗೂ ಬಿಡುಗಡೆ ಕೊಡಿಸಿ ಮನೆಗೆ ಕರೆತಂದವಳು ಇವಳೇ.

"ಈ ಸಲ ನಾನು ಹೇಳಿದ ಹಾಗೆ ಕೇಳ್ತೀರಿ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮೊದಲನೇ ದಿನದಿಂದ, ಓಟದ ದಿನದವರೆಗೂ. ಸುಸ್ತಾದ ಮೇಲಲ್ಲ, ಸುಸ್ತಾಗೋ ಮೊದಲೇ ನಡೀಬೇಕು."

"ಸುಸ್ತಾಗೋ ಮೊದಲೇ ನಡೆಯೋದಾ? ಊಟಕ್ಕೆ ಮೊದಲೇ ತೇಗಿದ ಹಾಗಾಯ್ತಲ್ಲೇ!"

"ನಡೀಲಿಲ್ಲ ಅಂದ್ರೆ ಓಡೋ ಹಾಗಿಲ್ಲ. ಇನ್ನೊಂದು ಮಾತು. ಈ ಸಲವೂ ಮುಗಿಸದೆ ಗೇಟೋ ಕಂಬವೋ ಹಿಡ್ಕೊಂಡು ನಿಂತ್ರೆ, ಆ ಬೂಟನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಜನ್ಮದಲ್ಲಿ ಮತ್ತೆ ಓಟದ ಸುದ್ದಿ ಎತ್ತೋ ಹಾಗಿಲ್ಲ. ಗಂಡ ಅಂತ ಇರೋನು ಒಬ್ಬನೇ ನನಗೆ."

ಈ ಮಾತಿಗೆ ನಾನು ನಿಜವಾಗಿ ಹೆದರಿದೆ. ಜಂಬ ಪಕ್ಕಕ್ಕಿರಲಿ, ಓಡುವುದೆಂದರೆ ನನಗೆ ಪ್ರಾಣ. ಇಡೀ ದಿನ ಕತ್ತಲೆ ಕೋಣೆಯಲ್ಲಿ ಕೂತು ಇನ್ನೊಬ್ಬರ ಕಣ್ಣೊಳಗೆ ಬಗ್ಗಿ ನೋಡುವವನು ನಾನು. ಬೆಳಗಿನ ಖಾಲಿ ರಸ್ತೆ, ಮುಖಕ್ಕೆ ಬಡಿಯುವ ತಣ್ಣನೆಯ ಗಾಳಿ, ನನ್ನದೇ ಕಾಲಿನ ಸದ್ದು, ಇಷ್ಟೇ ನನ್ನ ಪಾಲಿನ ಬಯಲು. ಒಂದೇ ಒಂದು ಸಲ ಮ್ಯಾರಥಾನನ್ನು ಕೊನೆಯವರೆಗೂ ಮುಗಿಸಬೇಕೆಂಬ ಆಸೆ ಹತ್ತು ವರ್ಷದ್ದು. ಬೂಟು ಕಳೆದುಕೊಳ್ಳುವುದಕ್ಕಿಂತ ಮಾತು ಕೇಳುವುದೇ ವಾಸಿ ಎಂದು ಒಪ್ಪಿಕೊಂಡೆ.

ಅವಳು ನನ್ನ ಕೈಗೆ ಒಂದು ಗಡಿಯಾರ ಕಟ್ಟಿದಳು. ನಾಲ್ಕು ನಿಮಿಷವಾದೊಡನೆ ಅದು 'ಪೀಂ' ಎನ್ನುತ್ತಿತ್ತು, ನಡೆಯಬೇಕು. ಮತ್ತೆ 'ಪೀಂ' ಎಂದರೆ ಓಡಬೇಕು. ಮೋಸ ಮಾಡೋಣವೆಂದರೆ ಆ ಗಡಿಯಾರ ಮಹಾ ಚಾಡಿಕೋರ. ನಾನು ನಡೆದೆನೋ ಇಲ್ಲವೋ ಎಂಬುದನ್ನು ಒಂದೂ ಬಿಡದೆ ಅವಳ ಮೊಬೈಲಿಗೆ ಒಪ್ಪಿಸುತ್ತಿತ್ತು.

ಇನ್ನೇನು, ಬೆಳಿಗ್ಗೆ ಎದ್ದು ಹೊರಟೆ. ಹಾಯಾಗಿ ಓಡುತ್ತಿದ್ದೇನೆ, ಟೈಲರ್ ಅಂಗಡಿಯ ಮುಂದೆ ಸರಿಯಾಗಿ ಆ ಚಾಡಿಕೋರ 'ಪೀಂ' ಎಂದಿತು. ಟೈಲರು ಷಟರ್ ಎತ್ತುತ್ತಾ ನಿಂತಿದ್ದಾನೆ! ದೂರದ್ದು ಮಂಜಾಗಿ ಕಾಣುತ್ತದೆಂದು ಹೋದ ತಿಂಗಳಷ್ಟೇ ನನ್ನ ಹತ್ತಿರ ಕನ್ನಡಕ ಮಾಡಿಸಿಕೊಂಡವನು. ಈ ಬೀದಿಯ ಅರ್ಧ ಜನರ ದೃಷ್ಟಿ ತಿದ್ದಿದ ಪುಣ್ಯಾತ್ಮ ನಾನೇ. ಈಗ ಆ ತಿದ್ದಿದ ದೃಷ್ಟಿಗಳೆಲ್ಲ ನನ್ನ ಮೇಲೇ ಬೀಳುವ ಕಾಲ ಬಂತು.

ನಿಧಾನಿಸಿ ನಡೆಯತೊಡಗಿದೆ.

"ಏನ್ ಸಾರ್, ಬೆಳಬೆಳಗ್ಗೇನೇ?" ಎಂದ ಟೈಲರು.

ಅವನು ಕೇಳಿದ್ದು ಅಷ್ಟೇ. 'ಆರಾಮಾ' ಎಂದು ಕೇಳುವ ಧಾಟಿಯಲ್ಲೇ ಕೇಳಿದ್ದು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! 'ಒಂದು ಹೆಜ್ಜೇನೂ ನಡೆಯಲ್ಲ ಅಂದವನು ನಡೀತಾ ಇದ್ದೀಯಲ್ಲೋ' ಎಂದೇ ನನಗೆ ಕೇಳಿಸಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಬೆಕ್ಕು ಹುಡುಕ್ತಾ ಇದ್ದೀನಿ!"

"ಯಾವ ಬೆಕ್ಕು ಸಾರ್?"

"ನಮ್ಮ ಮನೆ ಬೆಕ್ಕು."

"ನಿಮ್ಮನೇಲಿ ಬೆಕ್ಕಿದೆಯಾ?"

"ಇಲ್ಲವಲ್ಲ, ಅದಕ್ಕೇ ಹುಡುಕ್ತಿರೋದು!"

ಟೈಲರಿಗೆ ಈ ತರ್ಕ ಸರಿಯೆನಿಸಿತು. "ಬಣ್ಣ ಯಾವುದು?" ಎಂದ. ಅವನ ಮೇಜಿನ ಮೇಲೆ ಕಪ್ಪು ಬಿಳುಪು ಚೌಕಳಿ ಬಟ್ಟೆಯ ತುಂಡು ಬಿದ್ದಿತ್ತು. "ಕಪ್ಪು ಬಿಳುಪು" ಎಂದೆ. ಚೌಕಳಿ ಎನ್ನಲಿಲ್ಲ, ಅಷ್ಟು ವಿವೇಕ ಉಳಿದಿತ್ತು.

'ಪೀಂ' ಎಂದಿತು, ಬದುಕಿದೆಯಾ ಬಡಜೀವವೇ ಎಂದು ಓಟ ಕಿತ್ತೆ. ಮುಂದಿನ 'ಪೀಂ' ಮೆಡಿಕಲ್ ಶಾಪಿನ ಎದುರು. ಅಲ್ಲಿಯೂ ಬೆಕ್ಕೇ ಕಾಪಾಡಿತು. ಕಪಾಟಿನಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಕಂಡಿದ್ದರಿಂದ ಈ ಬೆಕ್ಕು ಕಂದು ಬಣ್ಣದ್ದಾಯಿತು. ಅದರ ಮುಂದಿನದ್ದು ಹೆಡ್‌ಮಿಸ್ ಮನೆಯ ಮುಂದೆ. ಹೆಡ್‌ಮಿಸ್ ಎಂದರೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿವೃತ್ತರಾದದ್ದು ಶಾಲೆಯಿಂದ ಮಾತ್ರ, ಮುಖ್ಯೋಪಾಧ್ಯಾಯಿನಿತನದಿಂದಲ್ಲ. ಗಿಡಕ್ಕೆ ನೀರು ಹಾಕುತ್ತಿದ್ದವರು ಕನ್ನಡಕದ ಮೇಲಿನಿಂದ ನೋಡಿದರು. "ಬೂದು ಬೆಕ್ಕು, ಮೇಡಂ. ಮೋಟು ಬಾಲ" ಎಂದೆ. ಬಾಲವನ್ನು ಯಾಕೆ ಕತ್ತರಿಸಿದೆನೋ ನನಗೇ ತಿಳಿಯದು. ಹೆಡ್‌ಮಿಸ್ ಎದುರು ನಿಂತರೆ ಕೇಳದ ಪ್ರಶ್ನೆಗೂ ಉತ್ತರ ಬಂದುಬಿಡುತ್ತದೆ.

ಹೀಗೆ ವಾರಗಳು ಕಳೆದವು. ಇಲ್ಲಿ ಒಂದು ನಿಜವನ್ನು ಒಪ್ಪಿಕೊಳ್ಳಲೇಬೇಕು. ಆ ಒಂದು ನಿಮಿಷದ ನಡಿಗೆ ಇದೆಯಲ್ಲ, ಅದು ಅಮೃತ! ಹಿಂದೆಲ್ಲ ಓಡಿ ಬಂದರೆ ಮಧ್ಯಾಹ್ನದವರೆಗೂ ಅಂಗಡಿಯಲ್ಲಿ ಗೋಡೆ ಹಿಡಿದು ಓಡಾಡುತ್ತಿದ್ದವನು, ಈಗ ಅದರ ಎರಡರಷ್ಟು ದೂರ ಹೋಗಿ ಬಂದು ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದೆ. ಉಸಿರು ಹದವಾಗಿತ್ತು, ಮೀನಖಂಡ ತಕರಾರು ತೆಗೆಯುತ್ತಿರಲಿಲ್ಲ. ಹೆಂಡತಿ ಹೇಳಿದ್ದು ಸರಿ ಎಂದು ಗೊತ್ತಾಯಿತು. ಗೊತ್ತಾದದ್ದನ್ನು ಅವಳಿಗೆ ಹೇಳಲಿಲ್ಲ, ಸಂಸಾರಕ್ಕೆ ಅಷ್ಟು ಗುಟ್ಟು ಬೇಕು.

ಒಂದು ಸಂಜೆ ಅಂಗಡಿಯ ಬಾಗಿಲು ತಳ್ಳಿಕೊಂಡು ಮೂವರು ಒಟ್ಟಿಗೇ ಬಂದರು. ಮುಂದೆ ಹೆಡ್‌ಮಿಸ್, ಹಿಂದೆ ಟೈಲರು, ಅವನ ಹಿಂದೆ ಮೆಡಿಕಲ್ ಶಾಪಿನವರು.

"ಇವನಿಗೆ ಕಪ್ಪು ಬಿಳುಪು ಬೆಕ್ಕು ಅಂದಿದ್ದೀರಿ" ಎಂದರು ಹೆಡ್‌ಮಿಸ್. "ಇವರಿಗೆ ಕಂದು ಅಂದಿದ್ದೀರಿ. ನನಗೆ ಬೂದು, ಮೋಟು ಬಾಲ."

ಮುಗಿಯಿತು ಕಥೆ ಎಂದುಕೊಂಡೆ. ಕೈಯಲ್ಲಿದ್ದ ಕನ್ನಡಕ ಬೆವರಿಗೆ ಜಾರಿತು.

"ಒಂದಲ್ಲ ಎರಡಲ್ಲ, ಮೂರು ಬೆಕ್ಕು!" ಎಂದು ಹೆಡ್‌ಮಿಸ್ ಮರುಕದಿಂದ ನುಡಿದರು. "ಮೂರನ್ನೂ ಕಳಕೊಂಡಿದ್ದೀರಿ. ಆದರೆ ಯಾರ ಮೇಲೂ ಪೂರ್ತಿ ದುಃಖ ಹೇರಲಿಲ್ಲ ನೀವು. ಒಬ್ಬೊಬ್ಬರಿಗೆ ಒಂದೊಂದು ಅಂತ ಹಂಚಿದ್ದೀರಿ. ಎಂಥ ಸಂಕೋಚದ ಮನುಷ್ಯ!"

ಟೈಲರು ಮೂಗೊರೆಸಿಕೊಂಡ. ಅಲ್ಲೇ, ಆ ಕ್ಷಣವೇ ನಾನು ಸತ್ಯ ಹೇಳಬಹುದಾಗಿತ್ತು. ಆದರೆ ಸಂಕೋಚದ ಮನುಷ್ಯನೆಂಬ ಬಿರುದು ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ತಲೆ ತಗ್ಗಿಸಿ ಅದನ್ನು ಸ್ವೀಕರಿಸಿಬಿಟ್ಟೆ.

ಅಲ್ಲಿಂದ ಶುರುವಾಯಿತು ನೋಡಿ ಬೆಕ್ಕುಗಳ ಮೆರವಣಿಗೆ! ಬೆಳಿಗ್ಗೆ ಬಾಗಿಲು ತೆಗೆದರೆ ಬುಟ್ಟಿಯಲ್ಲೊಂದು ಬೆಕ್ಕು. ಸಂಜೆ ಬಂದರೆ ರಟ್ಟಿನ ಪೆಟ್ಟಿಗೆಯಲ್ಲೊಂದು ಬೆಕ್ಕು. ಮೆಡಿಕಲ್ ಶಾಪಿನವರು ಕಷ್ಟಪಟ್ಟು ಹಿಡಿದು ತಂದದ್ದು ಬೇಕರಿಯವರ ಬೆಕ್ಕು, ಬೇಕರಿಯವರು ಅಷ್ಟೇ ಕಷ್ಟಪಟ್ಟು ಹಿಡಿದು ತಂದದ್ದು ಮೆಡಿಕಲ್ ಶಾಪಿನವರದ್ದು. ಅವರವರ ಬೆಕ್ಕನ್ನು ಅವರವರಿಗೆ ಒಪ್ಪಿಸುವುದರಲ್ಲಿ ನನ್ನ ಕೈಯೆಲ್ಲ ಪರಚಿಹೋಯಿತು. ಹೆಡ್‌ಮಿಸ್ ತಂದ ಕೆಂಚುಬೆಕ್ಕು ನಮ್ಮ ಸೋಫಾದ ಕೆಳಗೆ ಹೊಕ್ಕು, ಎರಡು ದಿನ ಹೊರಗೇ ಬರಲಿಲ್ಲ.

ಹೆಂಡತಿ ಶಾಲೆಯಿಂದ ಬಂದವಳು ಚೀಲವನ್ನು ನಿಧಾನವಾಗಿ ಕೆಳಗಿಟ್ಟಳು. "ದಾರೀಲಿ ಹೆಡ್‌ಮಿಸ್ ಸಿಕ್ಕಿದ್ರು. ನಮ್ಮ ಮೂರು ಬೆಕ್ಕೂ ಕಳೆದುಹೋಗಿವೆಯಂತೆ. ನನ್ನ ಕೈ ಹಿಡ್ಕೊಂಡು ಧೈರ್ಯ ಹೇಳಿದ್ರು. ಮದುವೆಯಾಗಿ ಇಷ್ಟು ವರ್ಷ ಆಯ್ತು, ನನಗೇ ಗೊತ್ತಿರಲಿಲ್ಲ ನೋಡಿ!"

"ಅದೂ... ಏನಾಯ್ತು ಅಂದ್ರೆ..."

ಎಲ್ಲವನ್ನೂ ಬಾಯಿಬಿಟ್ಟೆ. ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ನಡೆಯೋದಕ್ಕೆ ನಾಚಿಕೆ, ಸುಳ್ಳು ಹೇಳೋದಕ್ಕೆ ಇಲ್ಲ! ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಜಗತ್ತಿಗೆ ಕಾಣಲ್ಲ ಅಂದುಕೊಳ್ಳುತ್ತಂತೆ. ಬೇರೆ ಬೆಕ್ಕು ಯಾಕ್ರೀ ಹುಡುಕ್ತೀರಿ, ನೀವೇ ಇದ್ದೀರಲ್ಲ! ಇವತ್ತೇ ಹೋಗಿ ನಿಜ ಹೇಳಿ."

"ಓಟ ಮುಗಿದುಬಿಡ್ಲಿ ಕಣೇ. ಮುಗಿದ ಮೇಲೆ ಎಲ್ಲರಿಗೂ ಹೇಳ್ತೀನಿ. ಪದಕ ಕೊರಳಲ್ಲಿದ್ರೆ ಬೈಯೋರೂ ಸ್ವಲ್ಪ ಮೆತ್ತಗೆ ಬೈತಾರೆ."

"ನಿಮ್ಮ ಹಣೆಬರಹ" ಎಂದು ಅವಳು ಸೋಫಾದ ಕೆಳಗೆ ಹಾಲಿನ ಬಟ್ಟಲು ತಳ್ಳಿದಳು.

ಓಟದ ಹಿಂದಿನ ಸಂಜೆ ಹೆಡ್‌ಮಿಸ್ ಮತ್ತೆ ಅಂಗಡಿಗೆ ಬಂದರು. ಮುಖದಲ್ಲಿ ಹೊಸ ತೇಜಸ್ಸು.

"ನಾಳೆ ನೀವು ಬೆಕ್ಕಿನ ಚಿಂತೆ ಬಿಟ್ಟುಬಿಡಿ. ಓಟ ಊರೆಲ್ಲಾ ಸುತ್ತಿ ಬರುತ್ತಲ್ಲ, ನಾವೆಲ್ಲ ದಾರಿಯುದ್ದಕ್ಕೂ ನಿಂತು ನಿಮ್ಮ ಬೆಕ್ಕು ಹುಡುಕ್ತೀವಿ. ಒಬ್ಬೊಬ್ಬರಿಗೆ ಒಂದೊಂದು ತಿರುವು ಹಂಚಿದ್ದೀನಿ. ನೀವು ಎಲ್ಲೂ ನಿಲ್ಲಬೇಡಿ, ಹುಡುಕಬೇಡಿ. ನಾಳೆ ಒಂದು ದಿನವಾದರೂ ನೀವು ಓಡಿ!"

ಅಯ್ಯೋ ದೇವರೇ! ಇದ್ದ ಒಂದು ನೆವವನ್ನೂ ಈ ಪುಣ್ಯಾತ್ಗಿತ್ತಿ ಪ್ರೀತಿಯಿಂದ ಕಿತ್ತುಕೊಂಡರಲ್ಲ! ಧನ್ಯವಾದ ಹೇಳುವಾಗ ನನ್ನ ದನಿ ನಡುಗಿದ್ದನ್ನು ಅವರು ಕೃತಜ್ಞತೆ ಎಂದುಕೊಂಡರು.

ಮರುದಿನ ಬೆಳಿಗ್ಗೆ ಸಾವಿರಾರು ಜನರ ನಡುವೆ ನಿಂತೆ. ಹೆಂಡತಿ ಬೂಟಿನ ಲೇಸನ್ನು ಎಳೆದು ನೋಡಿ, "ಪೀಂ ಅಂದ ಕೂಡಲೇ ನಡೀಬೇಕು. ನಾನು ಕೊನೇಲಿ ಕಾಯ್ತಿರ್ತೀನಿ. ನಿಮ್ಮ ಕಾಲ ಮೇಲೆ ನೀವೇ ಬರಬೇಕು, ಗೊತ್ತಾಯ್ತಾ?" ಎಂದಳು. ತಲೆಯಾಡಿಸಿದೆ.

ಓಟ ಶುರುವಾಯಿತು. ಮೊದಲ 'ಪೀಂ'. ಇನ್ನೇನು ನಿಧಾನಿಸಬೇಕು, ಫುಟ್‌ಪಾತಿನ ಮೇಲಿಂದ ಟೈಲರು ಕೈ ಬೀಸಿ ಕೂಗಿದ: "ಈ ಕಡೆ ಎಲ್ಲೂ ಬೆಕ್ಕಿಲ್ಲ ಸಾರ್! ಚರಂಡಿವರೆಗೂ ನೋಡಿದ್ದೀನಿ! ನೀವು ಓಡಿ!"

ಓಡಿದೆ. ಮತ್ತೇನು ಮಾಡಲಿ?

ಎರಡನೆಯ 'ಪೀಂ' ಹೊತ್ತಿಗೆ ಬೇಕರಿಯವರು ಮರದ ಮೇಲಿದ್ದರು. "ಮೇಲೂ ಇಲ್ಲ ಸಾರ್! ಓಡಿ, ಓಡಿ!" ಮೂರನೆಯದಕ್ಕೆ ಮೆಡಿಕಲ್ ಶಾಪಿನವರು ನಿಂತ ಕಾರೊಂದರ ಅಡಿಯಿಂದ ತಲೆ ಹೊರಹಾಕಿದರು. ತಮಾಷೆಯೆಂದರೆ ನಾನು ಜೋರಾಗಿ ಓಡುತ್ತಿದ್ದಾಗಲೂ ಅವರು "ಓಡಿ ಸಾರ್, ಓಡಿ!" ಎಂದು ಕೂಗುತ್ತಲೇ ಇದ್ದರು. ಪ್ರೋತ್ಸಾಹವೆಂದರೆ ಹೀಗೇ ಇರುತ್ತದೇನೋ ಎಂದುಕೊಂಡೆ. ಸ್ಕೂಟರ್ ಏರಿ, ನನ್ನನ್ನು ದಾಟಿ ಹೋಗಿ, ಮುಂದಿನ ತಿರುವಿನಲ್ಲಿ ಮತ್ತೆ ಅವರೇ! ಒಂದು 'ಪೀಂ'ಗೂ ನಡೆಯಲು ಬಿಡಲಿಲ್ಲ ಮಹಾನುಭಾವರು.

ಅರ್ಧ ದಾರಿ ದಾಟುವ ಹೊತ್ತಿಗೆ ಗಂಟಲು ಒಣಗಿ ಉಸಿರು ಎತ್ತೆತ್ತಲೋ ಹೋಗುತ್ತಿತ್ತು. ಎಡಗಾಲಿನ ಮೀನಖಂಡ ಒಳಗೊಳಗೇ ಚಿವುಟಲು ಶುರುಮಾಡಿತು. ಆ ಚಿವುಟು ನನಗೆ ಚೆನ್ನಾಗಿ ಗೊತ್ತು, ಹೋದ ವರ್ಷವೂ ಅದು ಹೀಗೆಯೇ ಬಂದಿತ್ತು. ಕಣ್ಣು ತಂತಾನೇ ರಸ್ತೆಯ ಬದಿಯ ಗೇಟುಗಳನ್ನು ನೋಡತೊಡಗಿತು. ಇನ್ನು ಎರಡು ತಿರುವು ಹೀಗೇ ಓಡಿದರೆ ನಾನು ಯಾವುದೋ ಗೇಟಿನ ಪಾಲು, ನನ್ನ ಬೂಟು ಯಾರದೋ ಪಾಲು. ಹತ್ತು ವರ್ಷದ ಆಸೆ ಮೂರು ಇಲ್ಲದ ಬೆಕ್ಕುಗಳ ಬಾಯಿಗೆ ಹೋಗುತ್ತದಲ್ಲ ಎಂದು ಅಳುವೇ ಬಂತು.

ಸರಿಯಾಗಿ ಆಗ, ತಿರುವಿನಲ್ಲಿ ಹೆಡ್‌ಮಿಸ್ ರಸ್ತೆಗೇ ಇಳಿದು ಬಂದರು. ಕೂದಲು ಕೆದರಿತ್ತು, ಸೀರೆಯ ಅಂಚಿಗೆ ಕೆಸರು ಮೆತ್ತಿತ್ತು. ಕಂಕುಳಲ್ಲಿ ಒಂದು ಬೂದು ಬೆಕ್ಕು ಒದ್ದಾಡುತ್ತಿತ್ತು. "ಸಿಕ್ತು! ಬಾಲ ಮಾತ್ರ ಬೆಳೆದುಬಿಟ್ಟಿದೆ! ಮೀನಿನಂಗಡಿ ಹಿಂದೆ ಸಿಕ್ತು! ನೀವು ನಿಲ್ಲಬೇಡಿ, ಓಡಿ!"

'ಪೀಂ' ಎಂದಿತು ಗಡಿಯಾರ.

ಆ ವಯಸ್ಸಾದ ಜೀವ ನನಗಾಗಿ ಕೆಸರಿನಲ್ಲಿ ಬಗ್ಗಿ ಬೆಕ್ಕು ಹುಡುಕಿತ್ತು. ನಾಚಿಕೆ, ನೋವು ಎರಡೂ ಒಟ್ಟಿಗೇ ಉಕ್ಕಿ ಬಂದವು. ನಡುರಸ್ತೆಯಲ್ಲಿ ನಿಂತು ಎರಡೂ ಕೈಯೆತ್ತಿ ಅರಚಿದೆ.

"ಬೆಕ್ಕಿಲ್ಲ ಮೇಡಂ! ಯಾವ ಬೆಕ್ಕೂ ಇಲ್ಲ! ಒಂದೂ ಇರಲಿಲ್ಲ! ಎಲ್ಲಾ ಸುಳ್ಳು! ನನಗೆ ನಡೀಬೇಕು! ಅಷ್ಟೇ! ನಡೀಬೇಕು!"

ಹಿಂದಿನಿಂದ ಬರುತ್ತಿದ್ದವರು ನನ್ನನ್ನು ಬಳಸಿಕೊಂಡು ಹೋದರು. ಹೆಡ್‌ಮಿಸ್ ಕಣ್ಣು ಕಿರಿದು ಮಾಡಿದರು.

"ಮೂರೂ ಸುಳ್ಳಾ?"

"ಮೂರೂ."

"ಮೋಟು ಬಾಲ?"

"ಅದೂ."

ಅವರು ಬೆಕ್ಕನ್ನು ಕೆಳಗೆ ಬಿಟ್ಟರು. ಅದು ಒಂದೇ ನೆಗೆತಕ್ಕೆ ಕಾಂಪೌಂಡು ಹಾರಿತು. ಸೆರಗು ಕೊಡವಿಕೊಂಡು, ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ನಡೀಬೇಕು ಅಂದ್ರೆ ನಡೀರಿ. ಬೇಡ ಅಂದೋರು ಯಾರು?" ಎಂದರು.

ಎಂಥ ದೊಡ್ಡ ಮನಸ್ಸು! ಎದೆಯ ಮೇಲಿಂದ ಬೀರು ಇಳಿಸಿದ ಹಾಗಾಯಿತು. ನಡೆದೆ. ಎಲ್ಲರ ಕಣ್ಣೆದುರು, ನಡುರಸ್ತೆಯಲ್ಲಿ, ತೋಳು ಬೀಸಿಕೊಂಡು ರಾಜಾರೋಷವಾಗಿ ನಡೆದೆ. 'ಪೀಂ' ಎಂದಾಗ ಓಡಿದೆ, ಮತ್ತೆ 'ಪೀಂ' ಎಂದಾಗ ಮತ್ತೆ ನಡೆದೆ. ಮೊದಲು ಉಸಿರು ಹಿಂದಿರುಗಿತು, ಆಮೇಲೆ ಮೀನಖಂಡ ಮುನಿಸು ಬಿಟ್ಟಿತು. ಮೊದಲರ್ಧದಲ್ಲಿ ನನ್ನನ್ನು ಹಿಂದೆ ಹಾಕಿ ಹಾರಿಹೋಗಿದ್ದ ಮೀಸೆ ಬಾರದ ಹುಡುಗರು ಈಗ ಕಂಬ ಹಿಡಿದು ನಿಂತಿದ್ದರು, ಅವರನ್ನು ನಡೆಯುತ್ತಲೇ ದಾಟಿದೆ! ಗೇಟುಗಳೆಲ್ಲ ಎರಡೂ ಬದಿಗೆ ತಣ್ಣಗೆ ನಿಂತಿದ್ದವು, ಒಂದನ್ನೂ ಮುಟ್ಟಲಿಲ್ಲ.

ಕೊನೆಯ ಗೆರೆ ದಾಟುವಾಗ ಹೆಂಡತಿ ನಿಂತಲ್ಲೇ ಕುಣಿಯುತ್ತಿದ್ದಳು. ಸೀಟಿಯನ್ನು ಮನೆಯಲ್ಲಿ ಎಂದೂ ಊದದವಳು ಅಲ್ಲಿ ಎರಡು ಬೆರಳು ಬಾಯಿಗಿಟ್ಟು ಊದಿಯೇಬಿಟ್ಟಳು. "ಬಂದ್ರಲ್ಲಾ! ನಿಮ್ಮ ಕಾಲ ಮೇಲೇ ಬಂದ್ರಲ್ಲಾ!" ಎಂದು ಬೆವರಿನ ಮುಖವನ್ನು ಸೆರಗಿನಿಂದ ಒರೆಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. "ನೀನು ಹೇಳಿದ್ದೇ ಸರಿ ಕಣೇ" ಎಂದೆ. ಇಷ್ಟು ಸುಲಭವಾದ ಮಾತನ್ನು ಹೇಳಲು ನಲವತ್ತೆರಡು ಕಿಲೋಮೀಟರು ಬೇಕಾಯಿತು. ಬೂಟು ಉಳಿಯಿತು, ಆಸೆ ತೀರಿತು, ಸುಳ್ಳಿನ ಹೊರೆಯೂ ಇಳಿದಿತ್ತು.

ಅಷ್ಟರಲ್ಲಿ ಸ್ಕೂಟರುಗಳಲ್ಲಿ ನಮ್ಮ ಬೀದಿಯೇ ಬಂದಿಳಿಯಿತು. ಹೆಡ್‌ಮಿಸ್, ಮೆಡಿಕಲ್ ಶಾಪಿನವರು, ತಲೆಯಲ್ಲಿ ಎಲೆ ಸಿಕ್ಕಿಸಿಕೊಂಡ ಬೇಕರಿಯವರು, ಟೈಲರು. ಪದಕ ಕೊರಳಲ್ಲಿತ್ತು, ಧೈರ್ಯವೂ ಇತ್ತು. ಕೈ ಮುಗಿದು ನಿಂತೆ.

"ಎಲ್ಲರೂ ಕ್ಷಮಿಸಬೇಕು. ನಿಮ್ಮನ್ನೆಲ್ಲ ಸುಮ್ಮನೆ ಅಲೆದಾಡಿಸಿದೆ. ಒಂದು ಹೆಜ್ಜೇನೂ ನಡೆಯಲ್ಲ ಅಂತ ಜಂಬ ಕೊಚ್ಚಿದ್ದೆ. ಆದರೆ ಇಷ್ಟು ತಿಂಗಳೂ ಬೆಳಿಗ್ಗೆ ಬೆಳಿಗ್ಗೆ ನಾನು ಮಧ್ಯೆ ಮಧ್ಯೆ ನಡೀತಾ ಇದ್ದೆ. ಅದನ್ನ ಮುಚ್ಚಿಡೋದಕ್ಕೇ ಬೆಕ್ಕಿನ ಕಥೆ ಕಟ್ಟಿದೆ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ಯಾಕೋ ಥಟ್ಟನೆ ಆ ಕಡೆ ತಿರುಗಿಕೊಂಡಳು, ಅವಳ ಭುಜ ಕುಲುಕುತ್ತಿತ್ತು. ಕೊನೆಗೆ ಟೈಲರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಜವಾದ ಅಚ್ಚರಿಯಿಂದ ಕೇಳಿದ:

"ಅಂದ್ರೆ ಸಾರ್... ಮಧ್ಯೆ ಮಧ್ಯೆ ನೀವು ಓಡ್ತಾನೂ ಇದ್ರಾ?"